ಮಂಗಳವಾರದ ನೀರು

ಮಾರ್ಚ್ 5, ಮಂಗಳವಾರ

ಅವ್ವಾ, ನಿನಗೆ ಓದಲು ಬರುತ್ತಿರಲಿಲ್ಲ, ಈಗಂತೂ ನೀನೇ ಇಲ್ಲ. ಅದಕ್ಕೇ ಮನಸ್ಸಿಗೆ ಬಂದದ್ದನ್ನು ಬರೆಯಲು ನಿನ್ನಷ್ಟು ಅನುಕೂಲದವರು ಇನ್ನೊಬ್ಬರಿಲ್ಲ.

ನಮ್ಮ ನೀರು ಪರೀಕ್ಷೆಯ ಕಚೇರಿಗೆ ಇವತ್ತು ಹೊಸ ಮೇಡಂ ಬಂದರು. ನನ್ನ ಮಗಳ ವಯಸ್ಸು. ಕಂಪ್ಯೂಟರಿಗೆ ಪಾಠ ಹೇಳುವುದು ಅವರ ಕೆಲಸವಂತೆ. ಹಳೆಯ ಅಂಕಿಗಳನ್ನೆಲ್ಲ ಅದಕ್ಕೆ ಉಣಿಸಿದರೆ ಹೊಳೆಯ ನೀರು ಯಾವಾಗ ಕೆಡುತ್ತದೆ, ಎಷ್ಟು ಕೆಡುತ್ತದೆ ಎಂಬುದನ್ನು ಅದು ತಾನೇ ಕಲಿತು ಹೇಳುತ್ತದಂತೆ. ಹಾಗೆ ಕಲಿತದ್ದಕ್ಕೆ ಮಾಡೆಲ್ ಎನ್ನುತ್ತಾರೆ. ಊಟದ ಹೊತ್ತಿಗೆ ಗುಮಾಸ್ತರು ಅವರಿಗೆ ‘ಮಾಡೆಲ್ ಮೇಡಂ’ ಎಂದು ಹೆಸರಿಟ್ಟು ಕೈ ತೊಳೆದುಕೊಂಡಿದ್ದರು. ನನಗೆ ‘ಬಾಟಲಿ ಅಕ್ಕ’ ಎಂದು ಹೆಸರಿಟ್ಟವರೂ ಅವರೇ.

ಹಳೆಯ ಅಂಕಿ ಯಾರದು? ನನ್ನದು. ಮೂವತ್ತೊಂದು ವರ್ಷದ ನೋಟ್‌ಬುಕ್ಕು, ಎರಡು ಬೀರು ತುಂಬ. ಬಾಟಲಿ ತೊಳೆಯಲು ಸೇರಿದವಳು ನಾನು. ತೊಳೆಯುತ್ತ ತೊಳೆಯುತ್ತ, ಅವರಿವರ ಭುಜದ ಮೇಲಿಂದ ಇಣುಕಿ ಪರೀಕ್ಷೆ ಕಲಿತೆ. ನೀರಿಗೆ ಪುಡಿ ಹಾಕಿ ಅಲುಗಿಸಿದರೆ ಗುಲಾಬಿ ಬಣ್ಣ ಬರುತ್ತದೆ. ಬಣ್ಣ ಗಾಢವಾದಷ್ಟೂ ನೈಟ್ರೇಟು ಹೆಚ್ಚು. ಗೊಬ್ಬರದಿಂದ, ದನದ ಗಂಜಲದಿಂದ ಬರುವ ಸತ್ವ ಅದು; ಹೊಲದಲ್ಲಿದ್ದರೆ ಬೆಳೆಗೆ ಊಟ, ಹೊಳೆಗೆ ಬಿದ್ದರೆ ಪಾಚಿಗೆ ಊಟ. ಲೀಟರಿಗೆ ಐವತ್ತು ಮಿಲಿಗ್ರಾಂ ದಾಟಿದ ನೀರನ್ನು ಎಳೆಕೂಸಿಗೆ ಕೊಡಬಾರದು. ನಮ್ಮ ಹೊಳೆ ಎಂಟು, ಒಂಬತ್ತು, ಹೆಚ್ಚೆಂದರೆ ಹನ್ನೆರಡು. ಇಷ್ಟು ವರ್ಷ ಅದರ ನಾಡಿ ಹಿಡಿದವಳಿಗೆ ಈಗ ಡಬ್ಬಿಯೊಂದು ಬಂದು ವೈದ್ಯ ಕಲಿಸುತ್ತದಂತೆ!

ಬೆಳಗ್ಗೆ ಎಂದಿನಂತೆ ಹೊಳೆಗೆ ಹೋಗಿಬಂದಿದ್ದೆ. ನಿನ್ನ ಕಿರಿಮಗ ಪುಟ್ಟ ನಿನ್ನೆಯೇ ಫೋನ್ ಮಾಡಿದ್ದ. “ಅಕ್ಕಾ, ನಾಳೆ ತಾನೆ? ಬಸ್ ಸ್ಟಾಪಿಗೆ ಗಾಡಿ ಕಳಿಸ್ತೀನಿ. ಆ ಮಂಡಿ ಇಟ್ಕೊಂಡು ನಡೀತೀನಿ ಅನ್ಬೇಡ.” ಐವತ್ತೈದು ತುಂಬಿದರೂ ನಮಗೆ ಅವನು ಪುಟ್ಟನೇ. ಎಂಟುನೂರು ಹಸುಗಳ ಹಾಲಿನ ಫಾರಮ್ಮಿಗೆ ಮೇಲ್ವಿಚಾರಕ ಈಗ. ಫಾರಂ ದಾಟಿದ ಮೇಲೆ ಹೊಳೆಗೊಂದು ಕಾಲುಸೇತುವೆ. ಅಲ್ಲೇ ನಾನು ನೀರು ತುಂಬುವುದು. ಮೊದಮೊದಲು ವಾರದ ಯಾವ ದಿನ ಬೇಕಾದರೂ ಹೋಗುತ್ತಿದ್ದೆ. “ಮಾದರಿ ತೆಗೆಯೋರು ಹೇಳದೆ ಬರೋ ನೆಂಟರ ಹಾಗೆ ಹೋಗ್ಬೇಕಮ್ಮ” ಎಂದು ನನಗೆ ಕೆಲಸ ಕಲಿಸಿದ ಆಗಿನ ಹಿರಿಯ ಸಾಹೇಬರು ಹೇಳುತ್ತಿದ್ದರು. ಮಂಡಿ ಹಿಡಿದುಕೊಂಡ ಈ ಆರು ವರ್ಷದಿಂದ ಮಂಗಳವಾರವೇ ಗಟ್ಟಿಯಾಗಿದೆ. ಗಾಡಿ ಕಳಿಸುವವನಿಗೆ ದಿನ ಗೊತ್ತಿರಬೇಕಲ್ಲ.

ಸೇತುವೆಯ ಹತ್ತಿರ ಚಹಾದ ಫ್ಲಾಸ್ಕ್ ಹಿಡಿದು ನಿಂತಿದ್ದ. ನಾನು ನೀರಿಗೆ ಬಗ್ಗಿದರೆ ಕೈ ಹಿಡಿದುಕೊಳ್ಳುತ್ತಾನೆ. ಸಾಯುವಾಗ ನೀನು ಆ ಕೈಯನ್ನು ನನ್ನ ಕೈಯಲ್ಲಿ ಇಟ್ಟು ಹೋದೆ, ಈಗ ಅದು ನನ್ನನ್ನು ಹಿಡಿಯುತ್ತಿದೆ. ನಮೂನೆಯಲ್ಲಿ ಒಂದು ಕಲಂ ಇದೆ: ‘ಮಾದರಿ ತೆಗೆಯುವಾಗ ಹಾಜರಿದ್ದವರು’. ಎಂದಿನಂತೆ ‘ಯಾರೂ ಇಲ್ಲ’ ಎಂದು ಬರೆದೆ. ತಮ್ಮ ಯಾರೋ ಆಗುತ್ತಾನೆಯೇ?

ನೈಟ್ರೇಟು ಒಂಬತ್ತು.

ಮಾರ್ಚ್ 8, ಶುಕ್ರವಾರ

ಆರು ತಿಂಗಳ ಹಿಂದೆ ಸೇತುವೆಯ ಕಂಬಕ್ಕೆ ಸೆನ್ಸರ್ ಕಟ್ಟಿ ಮರೆತುಬಿಟ್ಟಿದ್ದರು. ಕಾಲುಗಂಟೆಗೊಮ್ಮೆ ನೀರು ನೋಡಿ ಅಂಕಿ ಕಳಿಸುತ್ತಲೇ ಇದೆ, ಬಾಯಿಗೆ ಬೀಗವಿಲ್ಲದ ಮುದುಕಿಯ ಹಾಗೆ. ನನ್ನ ಹಾಗೆ ಎನ್ನು.

ಮೇಡಂ ಇವತ್ತು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಅಂಕಿಗಳ ಗೆರೆ ತೋರಿಸಿದರು. ಗೆರೆ ಚಾಪೆ ಹಾಸಿದ ಹಾಗೆ ಮಲಗಿರುತ್ತದೆ, ನಡುನಡುವೆ ಗೂಟ ಹೊಡೆದ ಹಾಗೆ ಮೇಲೆದ್ದಿರುತ್ತದೆ. ಅರವತ್ತು, ಎಪ್ಪತ್ತು. ಒಂದು ಕಡೆ ತೊಂಬತ್ತು!

“ಇವು ನಿಜಾನಾ, ಸೆನ್ಸರ್ ತಪ್ಪಾ? ಪ್ರತಿಯೊಂದಕ್ಕೂ ಸರಿ ಅಥವಾ ತಪ್ಪು ಅಂತ ಗುರುತು ಹಾಕ್ಬೇಕು ಅಕ್ಕ. ನೀವು ಹಾಕಿದ್ದನ್ನ ನೋಡಿ ಮಾಡೆಲ್ ಕಲಿಯುತ್ತೆ. ಈ ಹೊಳೆ ನಿಮ್ಮಷ್ಟು ಗೊತ್ತಿರೋರು ಯಾರೂ ಇಲ್ಲ ಅಂದ್ರು ಸಾಹೇಬ್ರು.”

ಆ ಕೊನೆಯ ಮಾತು ನನಗೆ ಹಿಡಿಸಿತು, ಸುಳ್ಳೇಕೆ ಹೇಳಲಿ. ಕನ್ನಡಕ ಒರೆಸಿಕೊಂಡು ಕುಳಿತೆ. ತಪ್ಪು. ತಪ್ಪು. ತಪ್ಪು.

“ಸೆನ್ಸರ್ ಕೆಟ್ಟಿದ್ರೆ ಗೆರೆ ಅಡ್ಡಾದಿಡ್ಡಿ ಹಾರಬೇಕಲ್ವಾ?” ಎಂದರು ಮೇಡಂ. “ಇವು ಮೆಲ್ಲಗೆ ಏರಿ ಮೆಲ್ಲಗೆ ಇಳೀತಿವೆ.”

“ಅದರ ಕಣ್ಣಿಗೆ ಪಾಚಿ ಕಟ್ಟಿರುತ್ತೆ ಮೇಡಂ. ತೊಳೆದ್ರೆ ಹೋಗುತ್ತೆ. ನನ್ನ ಪುಸ್ತಕ ತೆಗೀರಿ, ಒಂದು ದಿನ, ಒಂದೇ ಒಂದು ದಿನ ತೊಂಬತ್ತು ತೋರಿಸಿ, ಈ ಕೆಲಸ ಬಿಟ್ಟು ಹೋಗ್ತೀನಿ.”

ಅವರು ಮುಂದಿನ ಗೂಟ ತೆರೆದರು. ಒಟ್ಟು ನೂರ ಹದಿನೆಂಟು ಗೂಟ. ಎಲ್ಲವನ್ನೂ ಕಿತ್ತು ಹಾಕಿದೆ.

ಮಾರ್ಚ್ 12, ಮಂಗಳವಾರ

ಒಂಬತ್ತು.

ಗೂಟದ ಕಥೆ ಹೇಳಿದ್ದಕ್ಕೆ ಪುಟ್ಟನಿಗೆ ಚಹಾ ನೆತ್ತಿಗೇರಿತು. “ಆ ಡಬ್ಬಿ ನೀರಿನ ಎತ್ತರ ನೋಡೋದು ಅಂದ್ಕೊಂಡಿದ್ದೆ ಕಣಕ್ಕ. ತಪ್ಪು ಅಂತ ಹಾಕಿದ್ರೆ ಅದೆಲ್ಲ ಎಲ್ಲಿಗೆ ಹೋಗುತ್ತೆ?”

“ಎಲ್ಲಿಗೂ ಇಲ್ಲ. ಕಸ.”

“ಇನ್ಮೇಲೆ ಬರೋದೂ?”

“ಅದನ್ನೂ ಅದೇ ಕಸ ಅಂತ ಗುರುತು ಹಿಡಿಯುತ್ತಂತೆ. ನಾನು ಕಲಿಸಿದೀನಲ್ಲ!”

“ಬಿಡು, ನಮ್ಮಕ್ಕನ ಮುಂದೆ ಕಂಪ್ಯೂಟರ್ ಏನ್ ಮಹಾ” ಎಂದು ನಕ್ಕ. ಇನ್ನೊಂದು ಲೋಟ ಬಗ್ಗಿಸಿ ಕೊಟ್ಟ. ನನ್ನ ಕೆಲಸದ ಬಗ್ಗೆ ಇಷ್ಟು ಆಸಕ್ತಿಯಿಂದ ಕೇಳುವವನು ನಮ್ಮ ಮನೆಯಲ್ಲಿ ಅವನೊಬ್ಬನೇ.

ಮಾರ್ಚ್ 17, ಭಾನುವಾರ

ಮಗಳ ಮನೆಗೆ ಹೋಗಿದ್ದೆ. ಹೊಳೆ ಹರಿದು ಹೋಗುವ ಪೇಟೆ ಅದು. ಹೊಳೆಯ ನೀರನ್ನೇ ಸೋಸಿ, ಕ್ಲೋರಿನ್ ಹಾಕಿ ನಲ್ಲಿಗೆ ಬಿಡುತ್ತಾರೆ. ನಾನು ಪರೀಕ್ಷೆ ಮಾಡಿದ ನೀರು ಎರಡು ದಿನ ಬಿಟ್ಟು ನನ್ನ ಮಗಳ ಕೊಡಕ್ಕೆ ಬೀಳುತ್ತದೆ ಎಂದು ನೆನೆದರೆ ನನಗೆ ಒಂದು ಹೆಮ್ಮೆ.

ಕೂಸಿಗೆ ನಲವತ್ತು ದಿನ. ನಿನ್ನ ಮೂಗು, ಅವ್ವಾ, ಪಾಪ. ಮಗಳು ನುಂಗುವ ಮಾತ್ರೆಯಿಂದಾಗಿ ಎದೆಹಾಲು ಕೊಡುವಂತಿಲ್ಲ, ಡಬ್ಬಿಯ ಪುಡಿಯನ್ನು ನೀರಿನಲ್ಲಿ ಕಲೆಸಿ ಬಾಟಲಿಯಲ್ಲಿ ಕೊಡುತ್ತಾಳೆ. ನೀರನ್ನು ಒಂದು ಕುದಿ ಬರಿಸಿ ಇಳಿಸುತ್ತಿದ್ದಳು. ಬೈದೆ. “ಒಂದು ಕುದಿಗೆ ಏನಾಗುತ್ತೆ? ಅರ್ಧಕ್ಕೆ ಇಳಿಯೋವರೆಗೂ ಕುದಿಸು.” ಪಕ್ಕದ ಮನೆಯವಳೂ ಕಂಕುಳಲ್ಲಿ ಕೂಸು ಇಟ್ಟುಕೊಂಡು ಬಂದು ಕೇಳಿಸಿಕೊಂಡಳು. ಅವಳಿಗೂ ಹೇಳಿದೆ.

ಮಾರ್ಚ್ 28, ಗುರುವಾರ

ಭಾನುವಾರದಿಂದಲೇ ಮಂಡಿ ಕುಂಬಳಕಾಯಿಯಾಗಿತ್ತು, ಮಂಗಳವಾರ ಏಳಲು ಆಗಲಿಲ್ಲ. ಗುರುವಾರ ಹೋಗುತ್ತೇನೆಂದು ಸೋಮವಾರವೇ ಪುಟ್ಟನಿಗೊಬ್ಬನಿಗೆ ಹೇಳಿದ್ದೆ. ಕಚೇರಿಗೆ ಹೇಳಿರಲಿಲ್ಲ, ಹೇಳಿದರೆ ‘ಬೇಡ ಬಿಡಿ, ಸೆನ್ಸರ್ ಇದೆಯಲ್ಲ’ ಎನ್ನುತ್ತಾರೆ. ಇವತ್ತು ಹೋಗಿಬಂದೆ. ನೀರು ಕನ್ನಡಿ. ತಳದ ಬೆಣಚುಕಲ್ಲು ಎಣಿಸಬಹುದಿತ್ತು. ಒಂಬತ್ತು.

ಬರುವಾಗ ಹಾಲಿನ ಕ್ಯಾನು ಕೈಗಿಟ್ಟ. “ಕೂಸಿಗೆ ಆಗಲ್ಲ, ನೀನಾದ್ರೂ ಕುಡಿ.”

ಏಪ್ರಿಲ್ 1, ಸೋಮವಾರ

ಮಾಡೆಲ್ ಇವತ್ತಿನಿಂದ ಕೆಲಸಕ್ಕೆ ಹಾಜರು. ಸೆನ್ಸರಿನ ಅಂಕಿ ಅದರ ಕೈಗೆ ಹೋಗುತ್ತದೆ. ಐವತ್ತು ದಾಟುತ್ತದೆ ಎಂದು ಅದಕ್ಕೆ ಅನಿಸಿದರೆ ಪೇಟೆಗೆ ನೀರೆತ್ತುವ ಪಂಪು ತಾನಾಗಿ ನಿಲ್ಲುತ್ತದೆ. ಸಾಹೇಬರು ಬಿಸ್ಕತ್ತು ಹಂಚಿದರು.

“ಬಾಟಲಿ ಅಕ್ಕ, ಈ ತಿಂಗಳು ಮುಗಿಸ್ಕೊಂಡು ಆರಾಮಾಗಿ ಮನೇಲಿರಿ. ಮೊಮ್ಮಗು ಆಡಿಸಿ.”

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ನನಗೆ ನಾನೇ ತಟ್ಟಿಕೊಂಡಂತಾಯಿತು. ಬಿಸ್ಕತ್ತು ಮೆತ್ತಗಾಗಿತ್ತು.

ಏಪ್ರಿಲ್ 15, ಸೋಮವಾರ

ಕೂಸಿನ ತುಟಿ ನೀಲಿ. ಉಗುರೂ. ಆಸ್ಪತ್ರೆಯಲ್ಲಿದ್ದೇವೆ.

ಏಪ್ರಿಲ್ 17, ಬುಧವಾರ

ಬದುಕಿತು.

ರಕ್ತ ತೆಗೆದಾಗ ನಾನು ಅಲ್ಲೇ ಇದ್ದೆ. ಕೆಂಪಿರಲಿಲ್ಲ. ಚಹಾದ ಕಷಾಯದ ಬಣ್ಣ. ಡಾಕ್ಟರಮ್ಮ ಸಿರಿಂಜನ್ನು ಬೆಳಕಿಗೆ ಹಿಡಿದು ಕೇಳಿದ ಮೊದಲ ಮಾತು, “ಬಾಟಲಿ ಹಾಲಿಗೆ ಯಾವ ನೀರು?”

“ನಲ್ಲಿ ನೀರು, ಕುದಿಸಿ” ಎಂದಳು ಮಗಳು.

“ಎಷ್ಟು ಕುದಿಸ್ತೀರಿ?”

“ಅರ್ಧಕ್ಕೆ ಇಳಿಯೋವರೆಗೆ.”

“ಇದು ನೈಟ್ರೇಟ್. ಕುದಿಸಿದ್ರೆ ಹೋಗಲ್ಲಮ್ಮ. ನೀರು ಇಂಗಿದಷ್ಟೂ ಅದು ಹೆಚ್ಚಾಗುತ್ತೆ.”

ಮಗಳು ನನ್ನ ಕಡೆ ತಿರುಗಲಿಲ್ಲ. ಗೋಡೆ ನೋಡಿಕೊಂಡೇ ಹೇಳಿದಳು, “ಅಮ್ಮ ಇದೇ ಕೆಲಸದಲ್ಲಿದ್ದಾರೆ ಡಾಕ್ಟ್ರೇ. ಅಮ್ಮನೇ ಹೇಳಿದ್ದು.”

ಇದು ನನಗೆ ಗೊತ್ತಿಲ್ಲದ ಸಂಗತಿಯಲ್ಲ, ಅವ್ವಾ. ಅವತ್ತು ಅಡುಗೆಮನೆಯಲ್ಲೇ ಲೆಕ್ಕ ಹಾಕಿದ್ದೆ. ಒಂಬತ್ತು ಇಮ್ಮಡಿಯಾದರೂ ಹದಿನೆಂಟು, ಏನೂ ಆಗುವುದಿಲ್ಲ, ರೋಗಾಣುವಾದರೂ ಸಾಯಲಿ ಎಂದುಕೊಂಡಿದ್ದೆ. ಒಂಬತ್ತರ ಮೇಲೆ ನನಗೆ ಅಷ್ಟು ನಂಬಿಕೆ.

ಪುಟ್ಟ ಎರಡು ದಿನವೂ ಬಾಗಿಲ ಬಳಿ ನಿಂತೇ ಇದ್ದ. ಡಾಕ್ಟರಮ್ಮನ ಮಾತು ಕೇಳಿ ಬೆಂಚಿನ ಮೇಲೆ ಕುಸಿದು ಮುಖ ಮುಚ್ಚಿಕೊಂಡು ಅತ್ತ. ನಾನೇ ಬೆನ್ನು ಸವರಿದೆ.

ಏಪ್ರಿಲ್ 19, ಶುಕ್ರವಾರ

ಸೋಮವಾರ ಆಸ್ಪತ್ರೆಗೆ ಓಡುವ ಮೊದಲು ಮಗಳ ನಲ್ಲಿಯಿಂದ ಒಂದು ಬಾಟಲಿ ತುಂಬಿಕೊಂಡಿದ್ದೆ. ಅಭ್ಯಾಸ. ಇವತ್ತು ಅದನ್ನು ಫ್ರಿಜ್ಜಿನಿಂದ ತೆಗೆದು ಕಚೇರಿಗೆ ಒಯ್ದು ಪರೀಕ್ಷಿಸಿದೆ. ಗುಲಾಬಿಯಲ್ಲ, ಬೀಟ್‌ರೂಟ್. ಅರವತ್ತನಾಲ್ಕು.

ಮಾಡೆಲಿನ ಪಟ್ಟಿಯಲ್ಲಿ ಆ ದಿನಗಳಿಗೆ ಹನ್ನೊಂದು ಎಂದಿತ್ತು. ಬಾಟಲಿ ಹಿಡಿದುಕೊಂಡೇ ಮೇಡಂ ಕೋಣೆಗೆ ನುಗ್ಗಿದೆ. “ನಿಮ್ಮ ಯಂತ್ರ ಸುಳ್ಳು ಹೇಳಿ ನನ್ನ ಕೂಸನ್ನ ಕೊಲ್ತಿತ್ತು!”

ಅವರು ಎದ್ದು ಬಾಗಿಲು ಹಾಕಿದರು. ಸೆನ್ಸರಿನ ಮೂಲ ಅಂಕಿ ತೆರೆದರು.

“ಸುಳ್ಳು ಹೇಳಿಲ್ಲ ಅಕ್ಕ. ಶನಿವಾರ ಎಪ್ಪತ್ತೊಂದು, ಭಾನುವಾರ ಎಂಬತ್ತು ಅಂತ ಬಂದಿದೆ ನೋಡಿ. ಇಂಥದ್ದು ಬಂದ್ರೆ ತಪ್ಪು ಅಂತ ತೆಗೆದುಹಾಕು ಅಂತ ಅದಕ್ಕೆ ಕಲಿಸಿದ್ದು ನಾವು.”

ಹುಡುಗಿ ಒಳ್ಳೆಯವಳು. ‘ನೀವು’ ಎನ್ನಲಿಲ್ಲ, ‘ನಾವು’ ಎಂದಳು.

ಏಪ್ರಿಲ್ 21, ಭಾನುವಾರ

ಕೂಸು ಮನೆಗೆ ಬಂತು. ತಮ್ಮ ದಿನಾ ಎರಡು ಕ್ಯಾನ್ ಶುದ್ಧ ನೀರು ತಂದು ಇಳಿಸಿ ಹೋಗುತ್ತಿದ್ದಾನೆ. ಮಗಳು ನನ್ನೊಡನೆ ಬೇಕಾದಷ್ಟೇ ಮಾತಾಡುತ್ತಾಳೆ. ಪಕ್ಕದ ಮನೆಯವಳು ಕೇಳಿದಳು: “ನಾನೂ ಅರ್ಧಕ್ಕೇ ಇಳಿಸ್ತಿದೀನಿ, ನಮ್ಮದಕ್ಕೇನೂ ಆಗಲ್ಲ ಅಲ್ವಾ ಆಂಟಿ?”

ಇನ್ನು ಕುದಿಸಿ ಇಂಗಿಸಬೇಡ, ಆ ನೀರೇ ಬೇಡ, ಕ್ಯಾನ್ ತರಿಸು ಎಂದೆ. ದಿನಾ ಕ್ಯಾನ್ ತರಲು ನಮಗೆ ಯಾರಿದ್ದಾರೆ ಎಂದಳು.

ಏಪ್ರಿಲ್ 22, ಸೋಮವಾರ

ಸಾಹೇಬರು ಪೇಟೆಗೆ ಎಚ್ಚರಿಕೆ ಕೊಡಲು ಒಪ್ಪುತ್ತಿಲ್ಲ. ಹೊಳೆಯಲ್ಲಿ ಕೆಟ್ಟದ್ದೋ ಪೇಟೆಯ ಪೈಪಿನಲ್ಲಿ ಕೆಟ್ಟದ್ದೋ ಯಾರು ಕಂಡವರು ಎಂದರು. ಸೆನ್ಸರ್ ತೋರಿಸಿತು ಎಂದರೆ ಮೇಲಿನವರು ಸೆನ್ಸರ್ ಕೆಟ್ಟಿತ್ತು ಎನ್ನುತ್ತಾರಂತೆ. ಕೆಟ್ಟಿತ್ತೆಂದು ನಾನೇ ನೂರ ಹದಿನೆಂಟು ಸಲ ಬರೆದುಕೊಟ್ಟಿದ್ದೇನಲ್ಲ. “ಕೈಯಾರೆ ತೆಗೆದ ಬಾಟಲಿ ಬೇಕು, ನಮೂನೆ ಬೇಕು, ಸಹಿ ಬೇಕು. ಇದ್ರೆ ಇವತ್ತೇ ಪಂಪ್ ನಿಲ್ಲಿಸ್ತೀನಿ. ನಿಮ್ಮ ಬಾಟಲಿ ಎಲ್ಲ ಒಂಬತ್ತೇ ಹೇಳ್ತಿದೆಯಲ್ಲ ಅಕ್ಕ?”

ಮಧ್ಯಾಹ್ನ ಮೇಡಂ ಕರೆದರು. ಗೂಟಗಳನ್ನು ವಾರದ ದಿನಗಳಿಗೆ ಹಂಚಿ ಪಟ್ಟಿ ಮಾಡಿದ್ದರು.

“ಒಂದು ವಿಚಿತ್ರ ನೋಡಿ ಅಕ್ಕ. ಎಲ್ಲ ದಿನಾನೂ ಗೂಟ ಇದೆ. ಮಂಗಳವಾರ ಇಲ್ಲ. ನೀವು ಹೋಗೋ ದಿನ ಹೊಳೆಗೆ ಗೊತ್ತಾಗುತ್ತೆ.”

“ಮಂಗಳವಾರ ಹೋಗ್ತೀನಿ ಅಂತ ಊರಿಗೇ ಗೊತ್ತು.”

“ನಾನೂ ಹಾಗೇ ಅಂದ್ಕೊಂಡೆ. ಆದ್ರೆ ಮಾರ್ಚ್ ಕೊನೇ ವಾರ ನೋಡಿ. ಅದೊಂದು ಮಂಗಳವಾರ ಗೂಟ ಇದೆ, ಎಪ್ಪತ್ತಾರು. ಗುರುವಾರ ಇಲ್ಲ. ಆ ವಾರ ನೀವು ಗುರುವಾರ ಹೋಗಿದ್ರಿ. ನಮಗೇ ಆಮೇಲೆ ಗೊತ್ತಾಯ್ತು. ಮೊದಲೇ ಯಾರಿಗೆ ಗೊತ್ತಿತ್ತು ಅಕ್ಕ?”

“ನೆನಪಿಲ್ಲ” ಎಂದೆ.

ಮನೆಗೆ ಬಂದು ಈ ಪುಸ್ತಕ ತಿರುವಿದೆ. ಮಾರ್ಚ್ ಇಪ್ಪತ್ತೆಂಟು. ಓದಿದೆ. ಮಾರ್ಚ್ ಹನ್ನೆರಡನ್ನೂ ಓದಿದೆ.

ಆರು ಗಂಟೆಗೆ ಫೋನ್ ಬಂತು. “ಅಕ್ಕಾ, ನಾಳೆ ತಾನೆ?”

“ಈ ವಾರ ಆಗಲ್ಲಪ್ಪ, ಕೂಸಿನ ಹತ್ರ ಇರ್ಬೇಕು. ಮುಂದಿನ ಮಂಗಳವಾರ ಬರ್ತೀನಿ. ಅದೇ ಕೊನೇದು.”

“ಹೌದು, ಈ ವಾರ ಆಯಾಸ ಮಾಡ್ಕೋಬೇಡ. ಮಂಗಳವಾರ ಗಾಡಿ ಕಳಿಸ್ತೀನಿ.”

ಧ್ವನಿಯಲ್ಲಿ ಎಂದಿನ ಅಕ್ಕರೆಯೇ ಇತ್ತು. ಅದನ್ನೇ ಮತ್ತೆ ಮತ್ತೆ ನೆನೆಯುತ್ತಿದ್ದೇನೆ. ಒಂದು ಚೂರೂ ವ್ಯತ್ಯಾಸವಿರಲಿಲ್ಲ.

ಏಪ್ರಿಲ್ 23, ಮಂಗಳವಾರ

ಮೇಡಂ ಪಕ್ಕ ಕುಳಿತು ನೂರ ಹದಿನೆಂಟಕ್ಕೂ ಮತ್ತೆ ಗುರುತು ಹಾಕಿದೆ. ಸರಿ. ಸರಿ. ಸರಿ. ಕೊನೆಗೆ ಅವರು ಮೆಲ್ಲಗೆ ಕೇಳಿದರು, “ನಿಮ್ಮ ಆರು ವರ್ಷದ ಮಂಗಳವಾರಗಳನ್ನ ಏನು ಮಾಡೋಣ?”

“ಕಸ” ಎಂದೆ.

ಏಪ್ರಿಲ್ 24, ಬುಧವಾರ

ಬಾಟಲಿ ತೊಳೆದೆ. ಮೂರು ಸಲ.

ಏಪ್ರಿಲ್ 25, ಗುರುವಾರ

ಏಳರ ಬಸ್ಸು. ಸ್ಟಾಪಿನಿಂದ ಎರಡು ಕಿಲೋಮೀಟರ್. ನಡುವೆ ನಾಲ್ಕು ಕಡೆ ಕುಳಿತೆ, ಒಂದು ಗಂಟೆ ಹಿಡಿಯಿತು. ಆರು ವರ್ಷದಿಂದ ಈ ದಾರಿಯನ್ನು ಗಾಡಿಯ ಕಿಟಕಿಯಿಂದಷ್ಟೇ ನೋಡಿದ್ದೆ. ವಾಸನೆ ಒಳಗೆ ಬರುತ್ತಿರಲಿಲ್ಲ.

ಫಾರಮ್ಮಿನ ಹಿಂದೆ ಗಂಜಲದ ಹೊಂಡವಿದೆ, ಅದಕ್ಕೊಂದು ತೂಬು. ತೂಬಿನ ಚಕ್ರದ ಮೇಲೆ ಕೈಯಿಟ್ಟು ಅವನು ನಿಂತಿದ್ದ. ಕೆಳಗೆ ಕಪ್ಪು ನೀರು ನೊರೆ ಕಟ್ಟಿಕೊಂಡು ಹೊಳೆಗೆ ಇಳಿಯುತ್ತಿತ್ತು. ನಾನು ಕೋಲೂರಿಕೊಂಡು ಬರುವುದನ್ನು ನೋಡಿ ಮೊದಲು ಅವನ ಬಾಯಿಗೆ ಬಂದದ್ದು, “ನಡ್ಕೊಂಡು ಬಂದ್ಯಾ ಅಕ್ಕ?”

ಆಮೇಲೆ, “ಮಂಗಳವಾರ ಅಂದಿದ್ದೆ.”

“ಅಂದಿದ್ದೆ.”

ಚಕ್ರ ತಿರುಗಿಸಲು ಹೋದ. “ಬಿಡು, ಇರಲಿ” ಎಂದೆ. ಕೈ ತೆಗೆದ.

“ಹೊಂಡ ತುಂಬ್ಕೊಂಡು ಬರುತ್ತೆ, ನಾನೇನ್ ಮಾಡ್ಲಿ? ಟ್ಯಾಂಕರ್ ತರಿಸಿ ಅಂದ್ರೆ, ನಿನ್ನ ಕೈಲಾಗದಿದ್ರೆ ಆಗೋರು ಬರ್ತಾರೆ ಅಂತಾರೆ ಯಜಮಾನ್ರು. ಒಂದೆರಡು ಗಂಟೆ ತೆರೀತೀನಿ, ಮುಚ್ತೀನಿ. ಹರಿಯೋ ನೀರು, ಹೋಗುತ್ತೆ ಅಂದ್ಕೊಂಡೆ. ಅವಳ ಮನೇಗೆ ಹೋಗುತ್ತೆ ಅಂತ ನನಗೇನು ಗೊತ್ತಿತ್ತಕ್ಕ?”

“ಯಾರ ಮನೇಗೆ ಹೋದ್ರೆ ಪರವಾಗಿಲ್ಲ ಅಂತಿತ್ತು?”

ಅವನು ತೂಬಿನ ಕಡೆ ಮುಖ ತಿರುಗಿಸಿದ.

“ಡಾಕ್ಟರಮ್ಮ ಹೇಳಿದ್ದು ನೀನೂ ಕೇಳಿಸ್ಕೊಂಡೆ” ಎಂದೆ. “ಹತ್ತು ದಿನ ಆಯ್ತು. ಇವತ್ತೂ ತೆಗೆದಿದೀಯ.”

“ಕೂಸಿಗೆ ದಿನಾ ನಾನೇ ಎರಡು ಕ್ಯಾನ್ ನೀರು ತಂದು ಕೊಡ್ತಿದೀನಲ್ಲಕ್ಕ!”

ನಿಜವಾಗಿಯೂ ಹಾಗೇ ಹೇಳಿದ. ನ್ಯಾಯ ಕೇಳುವವನ ಹಾಗೆ.

“ಪಕ್ಕದ ಮನೆ ಕೂಸಿಗೆ?”

ನಾನು ಸೇತುವೆಯ ಕಡೆ ಹೊರಟೆ. ಹಿಂದೆಯೇ ಬಂದ. “ಅವ್ವ ಇದ್ದಿದ್ರೆ ನೀನು ಹೀಗೆ ಮಾಡ್ತಿದ್ಯಾ?” ಎಂದು ಒಮ್ಮೆ ಕೇಳಿದ. ಬಾಟಲಿ ಹಿಡಿದು ಬಗ್ಗಿದಾಗ ಅವನ ಕೈ ತಾನಾಗಿ ಮುಂದೆ ಬಂತು, ರೂಢಿ. ನಾನು ಕಲ್ಲು ಹಿಡಿದುಕೊಂಡೆ. ಕಲ್ಲು ಜಾರುತ್ತಿತ್ತು.

ಪುಡಿ ಹಾಕಿ ಅಲುಗಿಸಿದೆ. ಬಣ್ಣ ಏರುವವರೆಗೆ ಐದು ನಿಮಿಷ ಕಾಯಬೇಕು. ಆ ಐದು ನಿಮಿಷ ಇಬ್ಬರೂ ಬಾಟಲಿಯನ್ನೇ ನೋಡುತ್ತ ನಿಂತೆವು.

ಎಂಬತ್ತಾರು.

ನಮೂನೆ ತೊಡೆಯ ಮೇಲಿಟ್ಟುಕೊಂಡು ಅಲ್ಲೇ ತುಂಬಿದೆ. ಸಮಯ, ಬೆಳಗ್ಗೆ 9.40. ಬಣ್ಣ, ವಾಸನೆ. ತೂಬು ತೆರೆದಿತ್ತು. ಷರಾ: ‘ಇದೇ ಜಾಗದಿಂದ ಕಳೆದ ಆರು ವರ್ಷ ತೆಗೆದ ಮಾದರಿಗಳು ಮೊದಲೇ ತಿಳಿಸಿ ತೆಗೆದವು. ತಿಳಿಸಿದವಳು ನಾನು. ಅವನ್ನು ನಂಬಬಾರದು.’ ಸಹಿ ಹಾಕಿದೆ. ಕಚೇರಿಗೆ ಕೊಟ್ಟು ಬಂದಿದ್ದೇನೆ. ಮೂರು ಗಂಟೆಗೆ ಪಂಪು ನಿಂತಿತು.

ಮಾದರಿ ತೆಗೆಯುವಾಗ ಹಾಜರಿದ್ದವರು: ಒಬ್ಬರು. ಫಾರಂ ಮೇಲ್ವಿಚಾರಕ.